ಮೈಸೂರಿನ ಮನೆ ಓನರ್‌ಗಳಿಗೆ: ಜಾತಿ ಕೇಳಬೇಡಿ, ಹಳೇ ಓನರ್ ನಂಬರ್ ಕೇಳಿ

ಮೈಸೂರಿನ ಎಲ್ಲ ಮನೆ ಮಾಲೀಕರಿಗೆ,

ನಮಸ್ಕಾರ.

ನಾನು ಕುವೆಂಪುನಗರದವಳು. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದು 2019ರಲ್ಲಿ ನಿವೃತ್ತಳಾದೆ. ನಮ್ಮದು ಮೂವತ್ತು ನಲವತ್ತರ ಸೈಟು. ಕೆಳಗೆ ನಾನಿದ್ದೇನೆ, ಮೇಲಿನ ಮನೆ ಬಾಡಿಗೆಗೆ ಕೊಡುತ್ತೇನೆ. ನನ್ನ ಹಾಗೇ ಇರುವವರು ಈ ಊರಲ್ಲಿ ಬಹಳ ಜನ ಇದ್ದೀರಿ. ಸರಸ್ವತಿಪುರಂ, ರಾಮಕೃಷ್ಣನಗರ, ವಿಜಯನಗರ, ಹೆಬ್ಬಾಳ, ಎಲ್ಲಿ ನೋಡಿದರೂ ಕೆಳಗೆ ಓನರ್, ಮೇಲೆ ಬಾಡಿಗೆಯವರು. ನಮಗೆ ಈ ಬಾಡಿಗೆ ವ್ಯಾಪಾರ ಅಲ್ಲ. ಮಾತ್ರೆ ಖರ್ಚು, ಮನೆ ಸಾಲದ ಕಂತು, ಮಗಳ ಬಾಣಂತನ, ಇಂಥದ್ದಕ್ಕೆ ಒದಗುವ ದುಡ್ಡು. ಅದು ನಿಂತರೆ ಏನಾಗುತ್ತದೆ ಅಂತ ನನಗೀಗ ಗೊತ್ತು. ಅದಕ್ಕೇ ಈ ಪತ್ರ.

ನನ್ನ ದೂರು ನೇರವಾಗಿ ಹೇಳಿಬಿಡುತ್ತೇನೆ. ಬಾಡಿಗೆಗೆ ಬಂದವರನ್ನು ನಾವು ವಿಚಾರಿಸುವುದೇ ಇಲ್ಲ. ವಿಚಾರಿಸುತ್ತೇವೆ ಅಂದುಕೊಂಡಿದ್ದೇವೆ, ಅಷ್ಟೇ. "ನೀವು ಯಾವ ಜನ?" "ಮನೇಲಿ ನಾನ್‌ವೆಜ್ ಮಾಡ್ತೀರಾ?" "ಮದುವೆ ಆಗಿದೆಯಾ?" "ಎಷ್ಟು ಜನ ಇರ್ತೀರಿ?" ನಮ್ಮ ವಿಚಾರಣೆ ಇಷ್ಟಕ್ಕೇ ಮುಗಿಯುತ್ತದೆ. ಉತ್ತರ ಹಿಡಿಸಿದರೆ ಒಂದು ಆಧಾರ್ ಜೆರಾಕ್ಸ್ ಇಸ್ಕೊಂಡು ಕೀ ಕೊಟ್ಟುಬಿಡುತ್ತೇವೆ. ಇವರು ಇಲ್ಲಿಗೆ ಬರುವ ಮೊದಲು ಎಲ್ಲಿದ್ದರು, ಅಲ್ಲಿ ಬಾಡಿಗೆ ಸರಿಯಾಗಿ ಕೊಟ್ಟರಾ, ಮನೆ ಹೇಗೆ ಇಟ್ಟುಕೊಂಡಿದ್ದರು, ಯಾಕೆ ಬಿಟ್ಟರು, ಇದನ್ನು ಗೊತ್ತಿರುವವರ ಹತ್ತಿರ ಕೇಳುವುದಿಲ್ಲ. ಮಗಳಿಗೆ ಗಂಡು ನೋಡುವಾಗ ಹುಡುಗನ ಆಫೀಸಿನವರನ್ನು, ಪಕ್ಕದ ಮನೆಯವರನ್ನು, ಬೀದಿ ಕೊನೆಯ ಅಂಗಡಿಯವರನ್ನೂ ಬಿಡದೆ ಕೇಳುವ ಜನ ನಾವು. ಮನೆಯ ಕೀ ಕೊಡುವಾಗ ಮಾತ್ರ ಎದುರಿಗೆ ಕೂತವರ ಮುಖ ನೋಡಿ ತೀರ್ಮಾನ ಮಾಡುತ್ತೇವೆ.

ನಾನೂ ಹಾಗೇ ಮಾಡಿದೆ.

2023ರ ಜನವರಿಯಲ್ಲಿ ಮೇಲಿನ ಮನೆ ಖಾಲಿಯಾಯಿತು. ಟು-ಲೆಟ್ ಬೋರ್ಡ್ ಹಾಕಿದ ಮೂರನೇ ದಿನ ಒಬ್ಬ ಹುಡುಗಿ ಬಂದಳು. ಇಪ್ಪತ್ತಾರು ಇಪ್ಪತ್ತೇಳು ವರ್ಷ ಇರಬಹುದು. ಆಸ್ಪತ್ರೆಯೊಂದರಲ್ಲಿ ನರ್ಸು. ಅದಕ್ಕೂ ಮುಂಚೆ ಮಂಡ್ಯದಲ್ಲಿ ಮೂರು ವರ್ಷ ಇದ್ದ ಮನೆಯ ಓನರ್ ಹತ್ತಿರ ಒಂದು ಪತ್ರ ಬರೆಸಿಕೊಂಡು ಬಂದಿದ್ದಳು. ಗೆರೆ ಹಾಕಿದ ಹಾಳೆ, ನೀಲಿ ಇಂಕು, ಕೆಳಗೆ ಸಹಿ, ಫೋನ್ ನಂಬರು. ಮುದುಡಬಾರದು ಅಂತ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದಳು. ನಾನು ಅದನ್ನು ಕೈಗೇ ತೆಗೆದುಕೊಳ್ಳಲಿಲ್ಲ. "ಒಬ್ಬಳೇ ಇರ್ತೀಯೇನಮ್ಮ?" ಅಂದೆ. "ಹೌದು ಆಂಟಿ, ಊರಿಂದ ಅಮ್ಮ ಆಗಾಗ ಬರ್ತಿರ್ತಾರೆ" ಅಂದಳು. "ನೈಟ್ ಡ್ಯೂಟಿ ಇರುತ್ತಾ?" ಅಂದೆ. ಇರುತ್ತೆ ಅಂದಳು. ಆಮೇಲೆ ಯಾವ ಜನ ಅಂತಲೂ ಕೇಳಿದೆ. ಕೇಳಿದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ಅವಳು ಹೇಳಿದಳು. "ಫ್ಯಾಮಿಲಿಗೆ ಮಾತ್ರ ಕೊಡೋದಮ್ಮ" ಅಂತ ಕಳಿಸಿಬಿಟ್ಟೆ. ಕವರನ್ನು ಮತ್ತೆ ಬ್ಯಾಗಿಗೆ ಹಾಕಿಕೊಂಡು, "ಪರವಾಗಿಲ್ಲ ಆಂಟಿ" ಅಂದು, ಗೇಟನ್ನು ಸದ್ದಾಗದ ಹಾಗೆ ಮುಚ್ಚಿ ಹೋದಳು.

ಅದಾಗಿ ಎರಡು ವಾರಕ್ಕೆ ಬ್ರೋಕರ್ ಒಬ್ಬ ಗಂಡಸನ್ನು ಕರೆತಂದರು. ನಲವತ್ತು ವರ್ಷ ಇರಬಹುದು. ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಒಂದು ಕೆಜಿ ಸ್ವೀಟು. ಬಂದವರೇ ಕಾಲಿಗೆ ನಮಸ್ಕಾರ ಮಾಡಿದರು. ಮಾತಿನ ಮಧ್ಯೆ ನಮ್ಮ ಜನವೇ ಅಂತ ಗೊತ್ತಾಯಿತು. ನಮ್ಮ ಯಜಮಾನರ ಊರಿನ ಹೆಸರು ಹೇಳಿ "ಅಲ್ಲಿ ನಮ್ಮ ಸೋದರಮಾವ ಇದ್ರು" ಅಂದರು. ಹೆಬ್ಬಾಳದ ಕಡೆ ಕಂಪನಿಯಲ್ಲಿ ಸೂಪರ್‌ವೈಸರ್ ಅಂದರು. ಹೆಂಡತಿ ಮಕ್ಕಳು ಊರಲ್ಲಿದ್ದಾರೆ, ಪರೀಕ್ಷೆ ಮುಗಿದ ಮೇಲೆ ಬರ್ತಾರೆ ಅಂದರು. ಬಾಡಿಗೆ 11,000, ಅಡ್ವಾನ್ಸ್ 80,000 ಅಂತ ಮಾತಾಯಿತು. ಕೈಗೆ ಬಂದದ್ದು 30,000. "ಹಳೇ ಮನೆ ಓನರ್ ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ ಟೀಚರ್, ಬಂದ ತಕ್ಷಣ ಕೊಡ್ತೀನಿ" ಅಂದರು. ನಂಬಿದೆ. ಯಾಕೆ ನಂಬಬಾರದು? ಅಡ್ವಾನ್ಸ್ ಹಿಂದಿರುಗಿಸಲು ಸತಾಯಿಸುವ ಓನರ್‌ಗಳು ನಮ್ಮಲ್ಲಿ ಕಮ್ಮಿಯೇನಿಲ್ಲ. ಆ ಹಳೇ ಓನರ್ ಯಾರು, ಅವರ ನಂಬರ್ ಕೊಡಿ, ಒಂದು ಮಾತು ಕೇಳ್ತೀನಿ ಅಂತ ನನಗೆ ಹೊಳೆಯಲೇ ಇಲ್ಲ.

ಜುಲೈವರೆಗೆ ಬಾಡಿಗೆ ಬಂತು. ಆಗಸ್ಟ್‌ನಿಂದ ನಿಂತಿತು. ಪರೀಕ್ಷೆ ಮುಗಿದರೂ ಹೆಂಡತಿ ಮಕ್ಕಳು ಬರಲಿಲ್ಲ. ಅವರ ಬದಲು ಇನ್ನೂ ಮೂರು ಜನ ಗಂಡಸರು ಬಂದು ಸೇರಿಕೊಂಡರು. ಅವರು ಪ್ರತಿ ತಿಂಗಳು ಈತನಿಗೆ ಬಾಡಿಗೆ ಕೊಡುತ್ತಿದ್ದರು ಅಂತ ಆಮೇಲೆ ತಿಳಿಯಿತು. ನನ್ನ ಮನೆಯಿಂದ ಈತನಿಗೆ ಬಾಡಿಗೆ ಹೋಗುತ್ತಿತ್ತು, ನನಗಿಲ್ಲ. ಕೇಳಲು ಮೆಟ್ಟಿಲು ಹತ್ತಿದರೆ ಬಾಗಿಲು ತೆಗೆಯುತ್ತಿರಲಿಲ್ಲ. ಗೌರಿ ಹಬ್ಬ ಕಳೆಯಲಿ, ದಸರಾ ಕಳೆಯಲಿ, ದೀಪಾವಳಿ ಬೋನಸ್ ಬರಲಿ ಅನ್ನುತ್ತಾ ವರ್ಷ ಮುಗಿಯಿತು. ಲಾಯರ್ ಹತ್ತಿರ ಹೋದೆ. ತಿಂಗಳ ಬಾಡಿಗೆ ಮನೆಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆ ಪ್ರಕಾರ 15 ದಿನದ ನೋಟಿಸ್ ಕೊಡಬೇಕು, ಖಾಲಿ ಮಾಡದಿದ್ದರೆ ಕೋರ್ಟಿಗೆ ಹೋಗಬೇಕು ಅಂದರು. ಎಷ್ಟು ದಿನ ಆಗುತ್ತೆ ಅಂದೆ. ಅವರು ಉತ್ತರ ಹೇಳದೆ ಕಾಫಿ ತರಿಸಿದರು. ನೀರು, ಕರೆಂಟು ನಿಲ್ಲಿಸಿ ಅಂತ ಪಕ್ಕದವರು ಹೇಳಿದರು. ಅದು ತಪ್ಪು, ಹಾಗೆ ಮಾಡುವ ಹಕ್ಕು ನಮಗಿಲ್ಲ, ನಾನು ಮಾಡಲಿಲ್ಲ.

2024ರ ಮಾರ್ಚ್ ಕೊನೆ ವಾರ, ಯುಗಾದಿ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಹಾಲು ತೆಗೆದುಕೊಳ್ಳಲು ಹೋದರೆ ಕೀ ನಮ್ಮ ತುಳಸಿಕಟ್ಟೆ ಮೇಲಿತ್ತು. ರಾತ್ರೋರಾತ್ರಿ ಎಲ್ಲರೂ ಖಾಲಿ ಮಾಡಿದ್ದರು. 8 ತಿಂಗಳ ಬಾಡಿಗೆ 88,000. ಅಡ್ವಾನ್ಸ್ 30,000 ಮುರಿದುಕೊಂಡರೂ 58,000 ಹೋಯಿತು. ವಾಣಿ ವಿಲಾಸ ವಾಟರ್ ವರ್ಕ್ಸ್‌ನ ನೀರಿನ ಬಿಲ್ಲು ಬೇರೆ. ಬಚ್ಚಲಿನ ಗೀಸರ್ ಕೂಡ ಕಿತ್ತುಕೊಂಡು ಹೋಗಿದ್ದರು. ಗೋಡೆಯಲ್ಲಿ ಎರಡು ತೂತು ಉಳಿದಿದ್ದವು.

ಇಷ್ಟಕ್ಕೇ ಮುಗಿದಿದ್ದರೆ ದುಡ್ಡಿನ ನಷ್ಟ ಅಂತ ಸುಮ್ಮನಾಗುತ್ತಿದ್ದೆನೇನೋ. ಏಪ್ರಿಲ್‌ನಲ್ಲಿ ಇಬ್ಬರು ಹುಡುಗರು ಬೈಕಿನಲ್ಲಿ ಬಂದು ಗೇಟು ಬಡಿದರು. ಸಾಲ ವಸೂಲಿಯವರು. ಆತ ನನ್ನ ಮನೆ ವಿಳಾಸ ಕೊಟ್ಟು ಎಲ್ಲೆಲ್ಲೋ ಸಾಲ ಮಾಡಿದ್ದ. ಬಾಡಿಗೆ ಕರಾರು ಪತ್ರವೇ ಅವನಿಗೆ ವಿಳಾಸದ ದಾಖಲೆಯಾಗಿತ್ತು. ಆ ಪತ್ರಕ್ಕೆ ಸಹಿ ಹಾಕಿದವಳು ನಾನು. ಆ ಹುಡುಗರ ಹತ್ತಿರ ಆತನ ಇನ್ನೊಂದು ವಿಳಾಸ ಇತ್ತು. ವಿದ್ಯಾರಣ್ಯಪುರಂ. ನಮ್ಮ ಮನೆಯಿಂದ ಆಟೋದಲ್ಲಿ ಹತ್ತು ಹದಿನೈದು ನಿಮಿಷದ ದಾರಿ.

ಮಾರನೇ ದಿನ ಅಲ್ಲಿಗೆ ಹೋದೆ. ಬಸ್ ಕಂಡಕ್ಟರ್ ಆಗಿ ನಿವೃತ್ತರಾದ ಹಿರಿಯರೊಬ್ಬರು ಬಾಗಿಲು ತೆಗೆದರು. ಹೆಸರು ಹೇಳಿದ ಕೂಡಲೇ "ಬನ್ನಿ ಮೇಡಂ, ಕೂತ್ಕೊಳ್ಳಿ" ಅಂತ ಒಳಗೆ ಹೋಗಿ ನೂರು ಪುಟದ ನೋಟ್ ಪುಸ್ತಕ ತಂದರು. ಪ್ರತಿ ತಿಂಗಳಿಗೂ ಒಂದು ಸಾಲು. ಬಾಡಿಗೆ ಬಂದ ತಿಂಗಳಿಗೆ ಟಿಕ್, ಬರದಿದ್ದಕ್ಕೆ ಸೊನ್ನೆ. ಕೊನೆಯಲ್ಲಿ ಸಾಲಾಗಿ ಏಳು ಸೊನ್ನೆ. ಅಡ್ವಾನ್ಸ್ ಪೂರ್ತಿ ಬಾಡಿಗೆಗೇ ಮುರಿದುಹೋಗಿತ್ತು. ಅಲ್ಲೂ ಸ್ವೀಟು, ಅಲ್ಲೂ ಕಾಲಿಗೆ ನಮಸ್ಕಾರ, ಅಲ್ಲೂ "ನಮ್ಮ ಜನವೇ". ಅವರದು ನಮ್ಮ ಜಾತಿ ಅಲ್ಲ. ಅವರ ಹತ್ತಿರ ಆತ ಅವರ ಜಾತಿಯವನಾಗಿದ್ದ.

"ನೀವ್ಯಾಕೆ ಮೊದಲೇ ಯಾರಿಗೂ ಹೇಳಲಿಲ್ಲ?" ಅಂದೆ. ಆ ಹಿರಿಯರು ಸ್ವಲ್ಪ ಹೊತ್ತು ಪುಸ್ತಕವನ್ನೇ ನೋಡುತ್ತಾ ಕೂತರು. "ಯಾರೂ ಫೋನ್ ಮಾಡಿ ಕೇಳಲಿಲ್ಲ ಮೇಡಂ. ಕೇಳಿದ್ರೆ..." ಅಂದು ನಿಲ್ಲಿಸಿ, "ಸುಳ್ಳು ಯಾಕೆ ಹೇಳಲಿ, ಆಗ ಕೇಳಿದ್ರೂ ಒಳ್ಳೆಯವನು ಅಂತಲೇ ಹೇಳ್ತಿದ್ದೆನೇನೋ. ಒಮ್ಮೆ ಮನೆ ಬಿಟ್ಟು ಹೋದ್ರೆ ಸಾಕಾಗಿತ್ತು" ಅಂದರು.

ಈ ಮಾತನ್ನು ನೀವು ದಯವಿಟ್ಟು ನೆನಪಿಟ್ಟುಕೊಳ್ಳಿ. ಬಾಡಿಗೆಗೆ ಬಂದವರು ಈಗ ಇರುವ ಮನೆಯ ಓನರ್ ಹೇಳುವ ಮಾತು ಪೂರ್ತಿ ನಂಬುವ ಹಾಗಿಲ್ಲ. ತೊಂದರೆ ಕೊಡುವವರು ತೊಲಗಲಿ ಅಂತ ಚಿನ್ನದಂಥ ಮನುಷ್ಯ ಅನ್ನಬಹುದು. ಒಳ್ಳೆ ಬಾಡಿಗೆಯವರು ಬಿಟ್ಟು ಹೋಗದಿರಲಿ ಅಂತ ಇಲ್ಲದ್ದು ಹೇಳಲೂಬಹುದು. ಅದಕ್ಕಿಂತ ಹಿಂದಿನ ಮನೆಯ ಓನರ್‌ಗೆ ಎರಡೂ ಬೇಕಿಲ್ಲ. ಅವರ ಲೆಕ್ಕ ಮುಗಿದಿರುತ್ತದೆ. ಅವರ ಮಾತೇ ನಿಜಕ್ಕೆ ಹತ್ತಿರ. ಹಾಗಾಗಿ ಹಿಂದಿನ ಎರಡು ಮನೆಗಳ ಓನರ್‌ಗಳ ನಂಬರ್ ಕೇಳಿ, ಇಬ್ಬರಿಗೂ ಫೋನ್ ಮಾಡಿ.

ಫೋನ್ ಎತ್ತಿದವರು ನಿಜವಾಗಿ ಓನರ್ರೇ ಅಂತಲೂ ನೋಡಿಕೊಳ್ಳಬೇಕು. ಸ್ನೇಹಿತನ ನಂಬರ್ ಕೊಟ್ಟು ಓನರ್ ಅನ್ನುವುದು ಕಷ್ಟದ ಕೆಲಸವೇನಲ್ಲ. ನಾನೀಗ ಹಳೇ ಮನೆಯ ಒಂದು ಕರೆಂಟ್ ಬಿಲ್ ಕೇಳುತ್ತೇನೆ. ಅದರಲ್ಲಿ ಆರ್‌ಆರ್ ನಂಬರು, ಮೀಟರ್ ಯಾರ ಹೆಸರಲ್ಲಿದೆ ಅನ್ನುವುದು ಇರುತ್ತದೆ. ಫೋನಿನಲ್ಲಿ ಅದೇ ಹೆಸರು ಹೇಳುತ್ತಾರಾ ನೋಡುತ್ತೇನೆ. ಮೀಟರ್ ತೀರಿಹೋದ ತಂದೆಯ ಹೆಸರಲ್ಲೇ ಇರುವುದೂ ಉಂಟು, ಆಗ ಅದನ್ನೇ ಕೇಳಿದರಾಯಿತು, ನಿಜವಾದ ಓನರ್ ತಡವರಿಸದೆ ಹೇಳುತ್ತಾರೆ. ಮತ್ತೆ ಪ್ರಶ್ನೆಯನ್ನು ಉತ್ತರ ಬಿಟ್ಟುಕೊಡದ ಹಾಗೆ ಕೇಳಿ. "ಬಾಡಿಗೆ ಸರಿಯಾಗಿ ಕೊಡ್ತಿದ್ರಾ?" ಅಂದರೆ "ಹೂಂ" ಅಂದುಬಿಡುತ್ತಾರೆ. "ಬಾಡಿಗೆ ಎಷ್ಟಿತ್ತು? ಎಷ್ಟನೇ ತಾರೀಖು ಬರ್ತಿತ್ತು? ಬಿಡುವಾಗ ಅಡ್ವಾನ್ಸ್‌ನಲ್ಲಿ ಏನು ಮುರಿದುಕೊಂಡ್ರಿ?" ಅಂತ ಕೇಳಿ. ಕೊನೆಗೆ, "ಅವರು ಮತ್ತೆ ಬಂದ್ರೆ ನಿಮ್ಮ ಮನೆ ಕೊಡ್ತೀರಾ?" ಅನ್ನಿ. ಇದಕ್ಕೆ ಉತ್ತರ ಬರುವ ಮೊದಲು ಎಷ್ಟು ಹೊತ್ತು ಆಚೆ ಕಡೆ ಸುಮ್ಮನಿರುತ್ತಾರೆ ಅನ್ನುವುದರಲ್ಲೇ ಅರ್ಧ ವಿಷಯ ಗೊತ್ತಾಗುತ್ತದೆ.

ಕೆಲಸದ ವಿಚಾರವೂ ಅಷ್ಟೇ. ಐಡಿ ಕಾರ್ಡ್ ಪ್ರಿಂಟ್ ಹಾಕಿಸುವುದು ಸುಲಭ. ಕಂಪನಿಯ ನಂಬರನ್ನು ಅವರ ಹತ್ತಿರ ಕೇಳದೆ ನೀವೇ ಹುಡುಕಿ ಫೋನ್ ಮಾಡಿ. ಸಂಬಳ ಜಮಾ ಆಗಿರುವ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸಿ ಅನ್ನಿ. ಬೇರೆ ಖರ್ಚು ಮುಚ್ಚಿಕೊಂಡು ತೋರಿಸಿದರೂ ಸಾಕು, ನಮಗೆ ಬೇಕಾಗಿರುವುದು ಸಂಬಳದ ಸಾಲು ಮಾತ್ರ. ಆಟೋ ಓಡಿಸುವವರು, ತರಕಾರಿ ಗಾಡಿಯವರು, ಮನೆಗೆಲಸದವರು ಬಂದರೆ ಅವರ ಹತ್ತಿರ ಸ್ಯಾಲರಿ ಸ್ಲಿಪ್ ಇರುವುದಿಲ್ಲ. ಇಲ್ಲ ಅಂತ ವಾಪಸ್ ಕಳಿಸಬೇಡಿ. ಹಳೇ ಓನರ್ ಮಾತು, ಕೆಲಸ ಕೊಟ್ಟವರ ಮಾತು, ಇವೇ ಅವರ ಸ್ಯಾಲರಿ ಸ್ಲಿಪ್. ನನ್ನ ಅನುಭವದಲ್ಲಿ ಅದು ಕಾಗದಕ್ಕಿಂತ ಗಟ್ಟಿ.

ಆಧಾರ್ ಜೆರಾಕ್ಸ್ ಇದ್ದರೆ ಎಲ್ಲ ಸರಿ ಅಂತ ನಂಬಿರುವವರಿಗೆ ನಮ್ಮೂರಿನದೇ ವಿಷಯ ನೆನಪಿಸುತ್ತೇನೆ. 2022ರ ನವೆಂಬರ್ 19ರಂದು ಮಂಗಳೂರಿನಲ್ಲಿ ಆಟೋ ಒಳಗೆ ಕುಕ್ಕರ್ ಸ್ಫೋಟವಾಯಿತಲ್ಲ, ಅದರ ಆರೋಪಿ ಬಾಡಿಗೆಗೆ ಇದ್ದದ್ದು ನಮ್ಮ ಮೈಸೂರಿನ ಲೋಕನಾಯಕ ನಗರದ ಒಂದು ರೂಮಿನಲ್ಲಿ. ಕೊಟ್ಟಿದ್ದ ಆಧಾರ್ ಕಾರ್ಡ್ ಹುಬ್ಬಳ್ಳಿ ಕಡೆಯ ಬೇರೊಬ್ಬರದು. ಅವರು ಅದನ್ನು ಕಳೆದುಕೊಂಡಿದ್ದರು. ಆ ರೂಮಿನ ಓನರನ್ನು ನಾನು ದೂರುವುದಿಲ್ಲ. ನಾವೆಲ್ಲ ಹೇಗೆ ಕಾರ್ಡ್ ಇಸ್ಕೊಳ್ಳುತ್ತೇವೋ ಅವರೂ ಹಾಗೇ ಇಸ್ಕೊಂಡರು. ಅಂಥ ಪ್ರಕರಣ ತೀರಾ ಅಪರೂಪ ಅನ್ನುವುದೂ ನಿಜ. ಆದರೆ ಅದಾದ ಮೇಲೆ ನಾವು ಕಲಿತದ್ದು ತಪ್ಪು ಪಾಠ. ಒಂದು ಸಮುದಾಯದವರಿಗೆ ಮನೆಯೇ ಕೊಡಬಾರದು ಅಂತ ನಮ್ಮ ಬೀದಿಯಲ್ಲೇ ಮಾತಾಡಿಕೊಂಡರು. ಅಲ್ಲ, ಸ್ವಲ್ಪ ಯೋಚಿಸಿ. ಆ ಕಾರ್ಡಿನಲ್ಲಿದ್ದ ಹೆಸರು ಆತನದೇ ಅಲ್ಲ. ಹೆಸರು ನೋಡಿ ಮನೆ ಕೊಡುವವರನ್ನು ಬೇರೆಯವರ ಒಂದು ಕಾರ್ಡು ಎಷ್ಟು ಸುಲಭವಾಗಿ ದಾಟಿ ಹೋಗುತ್ತದೆ ಅಂತ ಅದೇ ತೋರಿಸಿಕೊಟ್ಟಿತು ಅಲ್ವಾ?

ಕಾರ್ಡಿನ ಮೇಲೆ ಚೌಕಾಕಾರದ ಕ್ಯೂಆರ್ ಕೋಡ್ ಇರುತ್ತದೆ. ಆಧಾರ್ ಪ್ರಾಧಿಕಾರದ ಆ್ಯಪ್‌ನಲ್ಲಿ ಅದನ್ನು ಸ್ಕ್ಯಾನ್ ಮಾಡಿದರೆ ಹೆಸರು, ಫೋಟೋ ಬರುತ್ತದೆ. ಎದುರಿಗೆ ಕೂತವರ ಮುಖದ ಜೊತೆ ಹೋಲಿಸಿ ನೋಡಿ. ಎರಡು ನಿಮಿಷದ ಕೆಲಸ. ನನಗೆ ಇದನ್ನು ಕಲಿಸಿದ್ದು ಎದುರು ಮನೆಯ ಪಿಯುಸಿ ಹುಡುಗ. ಅದೇ ಹೊತ್ತಿಗೆ, ಬಾಡಿಗೆಗೆ ಬಂದವರು ಮೊದಲ ಎಂಟು ಅಂಕಿ ಮುಚ್ಚಿದ ಆಧಾರ್ ಕೊಟ್ಟರೆ ಅನುಮಾನ ಪಡಬೇಡಿ. ಅದು ಪ್ರಾಧಿಕಾರವೇ ಕೊಡುವ ಸೌಲಭ್ಯ. ಬೇರೆಯವರ ಕಾರ್ಡು ನಮ್ಮ ಮನೆ ಡ್ರಾಯರಿನಲ್ಲಿ ಬಿದ್ದಿದ್ದರೆ ಅದಕ್ಕೆ ಜವಾಬ್ದಾರರು ನಾವೇ. ನಾನು ಜೆರಾಕ್ಸ್ ಮೇಲೆ "ಬಾಡಿಗೆ ಮನೆಗಾಗಿ ಮಾತ್ರ" ಅಂತ ಅಡ್ಡಲಾಗಿ ಬರೆದು, ತಾರೀಖು ಹಾಕಿ ಇಟ್ಟುಕೊಳ್ಳುತ್ತೇನೆ. ಮನೆ ಕೊಡದಿದ್ದವರ ಕಾಗದ ಅಲ್ಲೇ ವಾಪಸ್ ಕೊಡುತ್ತೇನೆ.

ಪೊಲೀಸ್ ಠಾಣೆಗೆ ವಿವರ ಕೊಡುವುದನ್ನೂ ಬಿಡಬೇಡಿ. ಆದರೆ ಅದೊಂದೇ ಸಾಕು ಅಂತಲೂ ಅಂದುಕೊಳ್ಳಬೇಡಿ. ಕೇಸು ಇದೆಯಾ ಅಂತ ಠಾಣೆಯವರು ನೋಡಬಹುದು. ಬಾಡಿಗೆ ಬಾಕಿ ಇಟ್ಟು ಓಡಿಹೋದವರ ಮೇಲೆ ಸಾಮಾನ್ಯವಾಗಿ ಯಾರೂ ಕೇಸೇ ಹಾಕಿರುವುದಿಲ್ಲ. ವಿದ್ಯಾರಣ್ಯಪುರಂನ ಹಿರಿಯರೂ ಹಾಕಲಿಲ್ಲ, ನಾನೂ ಹಾಕಲಿಲ್ಲ. ಕರಾರು ಪತ್ರದ ಕಥೆಯೂ ಹೀಗೇ. ಒಂದು ವರ್ಷಕ್ಕಿಂತ ಜಾಸ್ತಿಯಾದರೆ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಬೇಕು ಅಂತ ಎಲ್ಲರೂ 11 ತಿಂಗಳಿಗೆ ಬರೆಸುತ್ತೇವೆ. ಸ್ಟಾಂಪ್ ಪೇಪರ್ ಅಂಗಡಿಯವರು ಹೆಸರು ಬದಲಿಸಿ ಪ್ರಿಂಟ್ ತೆಗೆದುಕೊಡುತ್ತಾರೆ, ಓದದೆ ಸಹಿ ಹಾಕುತ್ತೇವೆ. ಬೇರೆಯವರನ್ನು ಸೇರಿಸಿಕೊಳ್ಳಬಾರದು ಅನ್ನುವ ಒಂದು ಸಾಲು ನನ್ನ ಕರಾರಿನಲ್ಲಿ ಇರಲೇ ಇಲ್ಲ.

ಗೃಹಜ್ಯೋತಿಯ ಬಗ್ಗೆ ಒಂದು ಮಾತು, ಇದು ಎಷ್ಟೋ ಜನರಿಗೆ ಗೊತ್ತಿಲ್ಲ. 200 ಯೂನಿಟ್‌ವರೆಗೆ ಕರೆಂಟ್ ಉಚಿತ ಕೊಡುವ ಆ ಯೋಜನೆ 2023ರಲ್ಲಿ ಬಂದಾಗ ಬಾಡಿಗೆಯವರೂ ಅರ್ಜಿ ಹಾಕಬಹುದಿತ್ತು. ಆತ ತನ್ನ ಆಧಾರನ್ನು ನಮ್ಮ ಮೀಟರಿನ ಆರ್‌ಆರ್ ನಂಬರಿಗೆ ಸೇರಿಸಿದ್ದ. ಆತ ಓಡಿಹೋದ ಮೇಲೆ ಅದನ್ನು ಬಿಡಿಸಲು ನಾನು ಕರೆಂಟ್ ಕೊಡುವ ಸೆಸ್ಕ್ ಕಂಪನಿಯ ಆಫೀಸಿಗೆ ಮೂರು ಸಲ ಅಲೆದೆ. ಮನೆ ಬಿಡುವವರಿಂದ ಕೀ ಇಸ್ಕೊಳ್ಳುವ ಮುಂಚೆಯೇ ಈ ಡಿ-ಲಿಂಕ್ ಮಾಡಿಸಿಕೊಳ್ಳಿ. ಮುಂದೆ ಬರುವವರಿಗೆ ಸಿಗಬೇಕಾದ ಸೌಲಭ್ಯ ಅದು.

2024ರ ಜೂನ್‌ನಲ್ಲಿ ಮತ್ತೆ ಬೋರ್ಡ್ ಹಾಕಿದೆ. ಬಂದವರಿಗೆಲ್ಲ ಮೊದಲೇ ಹೇಳಿಬಿಟ್ಟೆ: ಜಾತಿ ಕೇಳಲ್ಲ, ಏನು ತಿಂತೀರಿ ಅಂತ ಕೇಳಲ್ಲ, ಹಿಂದಿನ ಎರಡು ಮನೆ ಓನರ್ ನಂಬರ್ ಬೇಕು. ಇಬ್ಬರು ಆಮೇಲೆ ಬರ್ತೀವಿ ಅಂತ ಹೋದವರು ಬರಲಿಲ್ಲ. ಮೂರನೆಯವರು ಹಾಸನದಿಂದ ವರ್ಗವಾಗಿ ಬಂದ ಗಂಡ ಹೆಂಡತಿ, ಜೊತೆಗೆ ನಾಲ್ಕು ವರ್ಷದ ಮಗು. ಅವರು ಅಲ್ಲೇ ಕೂತು ಎರಡು ನಂಬರ್ ಬರೆದುಕೊಟ್ಟರು. ಹಾಸನದಲ್ಲಿ ಮೊದಲು ಇದ್ದ ಮನೆಯ ಓನರಮ್ಮನಿಗೆ ಫೋನ್ ಮಾಡಿದೆ. ಒಲೆ ಮೇಲೆ ಏನೋ ಇಟ್ಟಿದ್ದರು ಅನ್ನಿಸುತ್ತೆ, ಮಧ್ಯೆ ಕುಕ್ಕರ್ ಕೂಗುತ್ತಿತ್ತು. "ಲಾಕ್‌ಡೌನ್ ಟೈಮಲ್ಲಿ ಎರಡು ತಿಂಗಳು ಬಾಡಿಗೆ ಕೊಡಕ್ಕಾಗಲಿಲ್ಲ ಕಣ್ರೀ. ಆದ್ರೆ ಒಂದನೇ ತಾರೀಖೇ ಬಂದು ಈ ತಿಂಗಳು ಆಗಲ್ಲ ಅಂತ ಹೇಳಿದ್ರು. ದೀಪಾವಳಿ ಹೊತ್ತಿಗೆ ಎಲ್ಲಾ ತೀರಿಸಿದ್ರು" ಅಂದರು. ಮತ್ತೆ ಬಂದ್ರೆ ಮನೆ ಕೊಡ್ತೀರಾ ಅಂದೆ. "ಈಗಿರೋರನ್ನ ನೀವು ಕರ್ಕೊಂಡು ಇವರನ್ನ ನನಗೆ ವಾಪಸ್ ಕಳಿಸ್ತೀರಾ?" ಅಂದುಬಿಟ್ಟರು.

ಬಾಡಿಗೆ ತಡವಾಯಿತು ಅನ್ನುವ ಒಂದೇ ಮಾತು ಕೇಳಿದ್ದರೆ ನಾನು ಬೇಡ ಅನ್ನುತ್ತಿದ್ದೆನೇನೋ. ವಿಚಾರಿಸುವುದು ಅಂದರೆ ತಪ್ಪು ಹುಡುಕುವುದಲ್ಲ. ಕಷ್ಟ ಬಂದಾಗ ಎದುರಿಗೆ ಬಂದು ಹೇಳುವವರಾ, ಬಾಗಿಲು ಹಾಕಿಕೊಳ್ಳುವವರಾ, ಅಷ್ಟು ಗೊತ್ತಾದರೆ ಸಾಕು. ಹಾಸನದ ಆ ಗಂಡ ಹೆಂಡತಿಗೇ ಮನೆ ಕೊಟ್ಟೆ. ಅವರು ನಮ್ಮ ಜಾತಿಯವರಲ್ಲ. ಭಾನುವಾರ ಮೇಲಿನಿಂದ ಮೀನು ಸಾರಿನ ವಾಸನೆ ಬರುತ್ತದೆ. ಮೊದಮೊದಲು ನನಗೆ ಕಷ್ಟವಾಯಿತು, ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ಈಗ ಅಭ್ಯಾಸವಾಗಿದೆ. ಬಾಡಿಗೆ ಮೂರನೇ ತಾರೀಖು ಬರುತ್ತದೆ. ಕಳೆದ ಮಳೆಗಾಲದಲ್ಲಿ ನನಗೆ ಜ್ವರ ಬಂದಾಗ ಆ ಮಗುವಿನ ಅಮ್ಮ ಮೂರು ಹೊತ್ತು ಗಂಜಿ ಕಾಯಿಸಿ ಕೆಳಗೆ ತಂದುಕೊಟ್ಟಳು.

ಈಗ ನನ್ನ ಬೇಡಿಕೆಗಳು.

ಓನರ್‌ಗಳಲ್ಲಿ ಮೊದಲ ಬೇಡಿಕೆ, ಫೋನ್ ಮಾಡಿ. ಎರಡನೆಯದು ಅದಕ್ಕಿಂತ ಮುಖ್ಯ: ಯಾರಾದರೂ ನಿಮಗೆ ಫೋನ್ ಮಾಡಿ ಕೇಳಿದರೆ ನಿಜ ಹೇಳಿ. ಒಳ್ಳೆಯವರಿದ್ದರೆ ಧಾರಾಳವಾಗಿ ಹೇಳಿ, ಬೇಕಿದ್ದರೆ ಮಂಡ್ಯದ ಆ ಓನರ್ ಹಾಗೆ ಒಂದು ಪತ್ರ ಬರೆದುಕೊಡಿ. ಬಾಕಿ ಇಟ್ಟಿದ್ದರೆ ಎಷ್ಟು ತಿಂಗಳು ಅಂತ ಮಾತ್ರ ಹೇಳಿ, ಕೋಪಕ್ಕೆ ಇಲ್ಲದ್ದು ಸೇರಿಸಬೇಡಿ. ಇದರ ಜೊತೆಗೆ, ಅಡ್ವಾನ್ಸ್ ಹಿಂದಿರುಗಿಸುವಾಗ ಸತಾಯಿಸಬೇಡಿ. ಪ್ರಾಮಾಣಿಕ ಜನ ಹೊಸ ಮನೆಗೆ ಅಡ್ವಾನ್ಸ್ ಕಟ್ಟಲಾಗದೆ ಪರದಾಡುತ್ತಾರೆ. ಮೋಸ ಮಾಡುವವರು ಅದನ್ನೇ ನೆಪ ಮಾಡಿಕೊಳ್ಳುತ್ತಾರೆ.

ಬಡಾವಣೆಯ ನಿವಾಸಿಗಳ ಸಂಘಗಳಲ್ಲಿ ಒಂದು ವಿನಂತಿ. ನನ್ನ ವಿಷಯ ಗೊತ್ತಾದ ಮೇಲೆ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಕೆಲವರು, ಕೆಟ್ಟ ಬಾಡಿಗೆಯವರ ಫೋಟೋ, ಆಧಾರ್ ಎಲ್ಲಾ ಗ್ರೂಪಿಗೆ ಹಾಕೋಣ ಅಂದರು. ದಯವಿಟ್ಟು ಬೇಡ. ಓನರ್ ಜೊತೆ ಒಂದು ಜಗಳ ಆಡಿದ ತಪ್ಪಿಗೆ ಯಾರದೋ ಮುಖ ಊರೆಲ್ಲಾ ಸುತ್ತುತ್ತದೆ, ಅವರಿಗೆ ಮೈಸೂರಿನಲ್ಲಿ ಮತ್ತೆ ಮನೆಯೇ ಸಿಗುವುದಿಲ್ಲ. ಒಬ್ಬ ಓನರ್ ಇನ್ನೊಬ್ಬ ಓನರನ್ನು ಕೇಳುವುದು ಬೇರೆ, ಸಾವಿರ ಜನರ ಮುಂದೆ ಹರಾಜು ಹಾಕುವುದು ಬೇರೆ.

ಬ್ರೋಕರ್‌ಗಳಲ್ಲಿ ಕೇಳುವುದು ಇಷ್ಟೇ. ಕಮಿಷನ್ ತೆಗೆದುಕೊಳ್ಳುವಾಗ ಹಳೇ ಮನೆಯ ವಿಳಾಸ, ಓನರ್ ನಂಬರ್ ಬರೆದ ಒಂದು ಚೀಟಿ ಕೊಡಿ.

ನಗರ ಪೊಲೀಸ್ ಕಮಿಷನರ್ ಅವರಲ್ಲೂ ಒಂದು ಕೋರಿಕೆ ಇದೆ. ನಾವು ಕೊಡುವ ಬಾಡಿಗೆದಾರರ ವಿವರದ ಮೇಲೆ ಠಾಣೆಯಲ್ಲಿ ಸೀಲು ಹಾಕಿ ಕೊಡುತ್ತಾರೆ. ಆಮೇಲೆ ಅದನ್ನು ಯಾರಾದರೂ ಪರಿಶೀಲಿಸಿದರಾ, ಕಾರ್ಡು ಆ ವ್ಯಕ್ತಿಯದೇ ಅಂತ ಖಚಿತವಾಯಿತಾ ಅನ್ನುವುದು ನಮಗೆ ತಿಳಿಯುವುದಿಲ್ಲ. ನೋಡಿದ್ದೇವೆ ಅಂತ ಒಂದು ಮೆಸೇಜ್ ಬಂದರೂ ಸಾಕು. ಆ ಮೆಸೇಜ್ ಬಾಡಿಗೆಯವರಿಗೂ ಹೋಗಲಿ. ಮುಂದಿನ ಮನೆ ಹುಡುಕುವಾಗ ಅವರಿಗೆ ಅನುಕೂಲವಾಗುತ್ತದೆ.

ಮಂಡ್ಯದಿಂದ ಬಂದಿದ್ದ ನರ್ಸ್ ಹುಡುಗಿ ಈ ಪತ್ರ ಓದಿದರೆ, ಅಮ್ಮ, ನನ್ನದು ತಪ್ಪಾಯಿತು. ನಿನ್ನ ಕೈಯಲ್ಲಿದ್ದ ಪತ್ರ ಓದಬೇಕಿತ್ತು. ಮೇಲಿನ ಮನೆಯವರಿಗೆ ಮತ್ತೆ ವರ್ಗವಾದರೆ ಬೋರ್ಡ್ ಹಾಕುತ್ತೇನೆ. ನಿನಗೆ ಆಗಲೂ ಮನೆ ಬೇಕಿದ್ದರೆ ಬಾ.

ನನ್ನ ಮನೆಯಿಂದ ಓಡಿಹೋದಾತ ಈಗ ಮೈಸೂರಿನಲ್ಲೇ ಇದ್ದಾನಾ, ಬೇರೆ ಊರಿಗೆ ಹೋದನಾ ಗೊತ್ತಿಲ್ಲ. ಎಲ್ಲೋ ಒಂದು ಕಡೆ ಬಾಡಿಗೆಗೆ ಇದ್ದೇ ಇರುತ್ತಾನೆ. ಆ ಮನೆಯ ಓನರ್ ಕೇಳಿದರೆ ಹೇಳಲು ತಿಂಗಳು ತಿಂಗಳ ಲೆಕ್ಕ ನಾನೂ ಒಂದು ನೋಟ್ ಪುಸ್ತಕದಲ್ಲಿ ಬರೆದು ಫೋನ್ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ಇವತ್ತಿನವರೆಗೆ ಯಾರೂ ಫೋನ್ ಮಾಡಿಲ್ಲ.

ಇಂತಿ ನಿಮ್ಮವಳೇ ಆದ,
ಕುವೆಂಪುನಗರದ ಒಬ್ಬ ನಿವೃತ್ತ ಶಿಕ್ಷಕಿ
ಮೈಸೂರು